ಕತ್ತು ಒಂದರದು, ಒಡಲು ಇನ್ನೊಂದರದು

ಬೀದರಿನಿಂದ ರೈಲಿನಲ್ಲಿ ಬಂದಿಳಿದ ಹುಡುಗನ ಬೆನ್ನ ಮೇಲೆ ಬೇಸ್ ಗಿಟಾರಿನ ಚೀಲ, ಕೈಯಲ್ಲಿ ನಾಲ್ಕಾಗಿ ಮಡಚಿದ ಹಾಳೆ. ಕನ್ಯೆ ನೋಡಲು ಹೊರಟವರು ಲಕ್ಷಣಗಳ ಪಟ್ಟಿ ಹಿಡಿದು ಬರುವಂತೆ, ತನಗೆ ಎಂಥ ಬೇಸ್ ಬೇಕೆಂದು ಬರೆದುಕೊಂಡು ಬಂದಿದ್ದ. ಒಡಲು ಪ್ರಿಸಿಷನ್ ಬೇಸಿನದಾಗಿರಬೇಕು. ನೆಕ್, ಅಂದರೆ ಕತ್ತು, ಜಾಝ್ ಬೇಸಿನದಾಗಿರಬೇಕು. ಎರಡೂ ಅಮೆರಿಕದ ಫೆಂಡರ್ ಕಂಪನಿಯ ಮಾದರಿಗಳು. ತಂತಿಯ ಮಿಡಿತವನ್ನು ವಿದ್ಯುತ್ತಾಗಿಸುವ ಪಿಕಪ್ ಎರಡು: ಮುಂದಿನದು ಪ್ರಿಸಿಷನ್ ಜಾತಿಯದು, ಹಿಂದಿನದು ಜಾಝ್ ಜಾತಿಯದು. ಒಳಗೆ ಬ್ಯಾಟರಿ ಬೇಡ. ಗುಂಯ್‌ಗುಡಬಾರದು. ನಾಬ್‌ಗಳು ಬಿದ್ರಿ ಕೆಲಸದವಾಗಿರಬೇಕು.

"ಅಣ್ಣಾ, ಹೈದರಾಬಾದಿನಲ್ಲಿ ನಾಲ್ಕು ಅಂಗಡಿ ತಿರುಗಿದೆ. ಒಡಲು ಸರಿ ಇದ್ದರೆ ನೆಕ್ ಅಗಲ, ನೆಕ್ ಸರಿ ಇದ್ದರೆ ಒಳಗೆ ಬ್ಯಾಟರಿ. ಇಷ್ಟೊಂದು ಕಂಪನಿಗಳಿದ್ದರೂ ಇದೊಂದನ್ನು ಯಾರೂ ಯಾಕೆ ಮಾಡುವುದಿಲ್ಲ? ಬಿಡಿಭಾಗ ತರಿಸಿ ನಾವೇ ಜೋಡಿಸೋಣವೇ?"

ಅವನು ಬೀದರಿನ ಒಂದು ಚರ್ಚಿನ ಗಾಯಕವೃಂದದಲ್ಲಿ ಬೇಸ್ ನುಡಿಸುತ್ತಾನೆ. ನಾನು ಕಲಬುರಗಿಯ ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸಿಕೊಂಡು ಬಂದವನು. ಅವನ ವಯಸ್ಸಿನಲ್ಲಿ ನಾನೂ ಇದೇ ಪ್ರಶ್ನೆ ಕೇಳಿದ್ದೆ. ಉತ್ತರ ಸಿಗುವವರೆಗೆ ಕಾಯುವ ತಾಳ್ಮೆಯಿಲ್ಲದೆ ಬಿಡಿಭಾಗ ಕೂಡಿಸಿ ಒಂದು ಬೇಸ್ ಮಾಡಿಯೂ ಇದ್ದೆ. ಅದು ಈಗ ಅಟ್ಟದ ಮೇಲಿದೆ. ಆ ಕಾರಣಕ್ಕೇ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೆ ಇದೆ ಎಂದುಕೊಂಡಿದ್ದೇನೆ.

ಒಂದು ವಾದ್ಯದ ಕತ್ತನ್ನು ಬಿಚ್ಚಿ ಇನ್ನೊಂದಕ್ಕೆ ಕೂರಿಸಬಹುದು ಎಂಬ ಯೋಚನೆ ವೀಣೆ ನುಡಿಸುವವರಿಗೆ ಬಾರದು, ಪಿಟೀಲು ನುಡಿಸುವವರಿಗೂ ಬಾರದು. ಬೇಸ್ ನುಡಿಸುವವರಿಗೆ ಬರುವುದು ಲಿಯೋ ಫೆಂಡರ್‌ನಿಂದ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ರಿಪೇರಿ ಮಾಡುವವನ ಕಣ್ಣಿನಿಂದ ವಾದ್ಯವನ್ನು ನೋಡಿದ. ನೆಕ್ ಮುರಿದರೆ ಅಂಟು ಬಿಡಿಸುತ್ತ ಕೂರುವುದೇಕೆ, ನಾಲ್ಕು ಸ್ಕ್ರೂ ತೆಗೆದು ಬೇರೆಯದನ್ನು ಹಾಕಿದರಾಯಿತು ಎಂದುಕೊಂಡ. 1951ರಲ್ಲಿ ಆತ ಹೊರತಂದ ಪ್ರಿಸಿಷನ್ ಬೇಸ್ ಹಾಗೆಯೇ ಇತ್ತು: ಹಲಗೆಯಂಥ ಒಡಲು, ಅದರಲ್ಲೊಂದು ಗುಳಿ, ಗುಳಿಯಲ್ಲಿ ಕೂರುವ ನೆಕ್, ಹಿಂದಿನಿಂದ ನಾಲ್ಕು ಸ್ಕ್ರೂ. ಬೆರಳ ಹಲಗೆಯ ಮೇಲೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆ ಎಂಬ ಅರ್ಥದಲ್ಲಿ ಆ ಹೆಸರು. 1957ರಲ್ಲಿ ಅದರ ಪಿಕಪ್ಪನ್ನು ಎರಡು ತುಂಡಾಗಿ ಸೀಳಿ, ಒಂದನ್ನು ಮೇಲಕ್ಕೆ, ಒಂದನ್ನು ಕೆಳಕ್ಕೆ ಸರಿಸಿ ಇಟ್ಟರು. ಇಂದಿಗೂ ಅದು ಹಾಗೆಯೇ ಇದೆ. 1960ರಲ್ಲಿ ಜಾಝ್ ಬೇಸ್ ಬಂತು. ಸೊಂಟ ಓರೆಯಾದ ಒಡಲು, ಉದ್ದನೆಯ ಎರಡು ತೆಳು ಪಿಕಪ್, ಮೇಲ್ತುದಿಯಲ್ಲಿ ಸಣ್ಣಗಾದ ನೆಕ್.

ಬದಲಾಗದೆ ಉಳಿದದ್ದೇ ನಮಗೆ ಮುಖ್ಯ. ಎರಡಕ್ಕೂ ಮಿಡಿಯುವ ತಂತಿಯ ಉದ್ದ ಒಂದೇ, 34 ಅಂಗುಲ, ಅಂದರೆ ಸುಮಾರು 864 ಮಿಲಿಮೀಟರ್. ಎರಡರ ನೆಕ್‌ನ ಬುಡವೂ ಎರಡೂವರೆ ಅಂಗುಲ ಅಗಲ. ಗುಳಿಯೂ ಅಷ್ಟೇ. ಹಾಗಾಗಿ ಇದರ ನೆಕ್ ಅದಕ್ಕೆ ಕೂರುತ್ತದೆ. ವ್ಯತ್ಯಾಸ ಇರುವುದು ಮೇಲ್ತುದಿಯಲ್ಲಿ, ತಂತಿಗಳು ತಲೆಯಿಂದ ಇಳಿದು ಮೊದಲು ಒರಗುವ ನಟ್ ಎಂಬ ಪಟ್ಟಿಯ ಬಳಿ. ಜಾಝ್ ಬೇಸಿನಲ್ಲಿ ಅದು ಒಂದೂವರೆ ಅಂಗುಲ, 38 ಮಿಲಿಮೀಟರ್. ಪ್ರಿಸಿಷನ್‌ನಲ್ಲಿ ಮೊದಲು ಒಂದೂಮುಕ್ಕಾಲು ಅಂಗುಲವಿತ್ತು, ಈಗ ಬಹುಪಾಲು 41ರಿಂದ 42 ಮಿಲಿಮೀಟರ್. ನಾಲ್ಕು ಮಿಲಿಮೀಟರ್ ಏನು ಮಹಾ ಎನ್ನುವವರು ಎರಡು ತಾಸು ಕುಳಿತು ಕೀರ್ತನೆ ನುಡಿಸಿ ನೋಡಬೇಕು. ಕೈ ಚಿಕ್ಕದಿರುವವರಿಗೆ ಹೆಬ್ಬೆರಳ ಬುಡದಲ್ಲಿ ಗೊತ್ತಾಗುತ್ತದೆ.

ಇನ್ನು ಯಾರೂ ಮಾಡುವುದಿಲ್ಲ ಎಂಬ ದೂರು. ಅದು ಪೂರ್ತಿ ನಿಜವಲ್ಲ. 1960ರ ದಶಕದಲ್ಲಿ ಫೆಂಡರ್ ಕಾರ್ಖಾನೆಯಲ್ಲೇ ನೆಕ್‌ನ ಅಗಲಕ್ಕೆ ಅಕ್ಷರಗಳಿದ್ದವು. ಎ ಎಂದರೆ ಒಂದೂವರೆ ಅಂಗುಲ, ಸಿ ಎಂದರೆ ಒಂದೂಮುಕ್ಕಾಲು, ಬಿ ನಡುವಿನದು. ಪ್ರಿಸಿಷನ್ ಬೇಸಿಗೂ ಎ ನೆಕ್ ಕೇಳಿ ಪಡೆಯಬಹುದಿತ್ತು. 1980ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಜಾಝ್ ಬೇಸ್ ಸ್ಪೆಷಲ್ ಎಂಬ ಮಾದರಿಯಂತೂ ಈ ಹುಡುಗನ ಹಾಳೆಯನ್ನು ನೋಡಿಯೇ ಮಾಡಿದಂತಿದೆ: ಪ್ರಿಸಿಷನ್ ಒಡಲು, ಜಾಝ್ ನೆಕ್, ಎರಡೂ ಜಾತಿಯ ಪಿಕಪ್. ಗನ್ಸ್ ಎನ್ ರೋಸಸ್ ತಂಡದ ಡಫ್ ಮೆಕೇಗನ್ ನುಡಿಸಿ ಹೆಸರು ಮಾಡಿದ್ದು ಅದೇ ಮಾದರಿಯನ್ನು. ಎರಡು ಜಾತಿಯ ಪಿಕಪ್ ಕೂಡಿಸುವುದು ಈಗ ಹಳತಾಯಿತು. ಸ್ಕ್ವಯರ್, ಯಮಹಾ, ಐಬನೆಜ್ ಮೂವರೂ ಕಡಿಮೆ ಬೆಲೆಯ ಸಾಲಿನಲ್ಲೇ ಅಂಥದ್ದನ್ನು ಮಾಡುತ್ತಾರೆ. ಬಿಡಿಬಿಡಿಯಾಗಿ ಪ್ರತಿಯೊಂದು ಬೆರಕೆಯೂ ಎಲ್ಲೋ ಸಿಗುತ್ತದೆ. ನಿಮ್ಮ ಹಾಳೆಯಲ್ಲಿರುವ ಆರೂ ಲಕ್ಷಣಗಳು ಒಂದೇ ಬೇಸಿನಲ್ಲಿ, ಈ ವರ್ಷ, ನಿಮ್ಮ ಬೆಲೆಗೆ, ಹೈದರಾಬಾದಿನ ಗೋಡೆಯ ಮೇಲೆ ನೇತಾಡುತ್ತಿರಬೇಕು ಎಂದಾಗ ಕಷ್ಟ ಶುರುವಾಗುತ್ತದೆ.

ಯಾಕೆ ಎನ್ನುವುದಕ್ಕೆ ಗುಣಾಕಾರ ಸಾಕು. ಒಡಲು ಎರಡು ಬಗೆ, ನೆಕ್ ಎರಡು ಅಗಲ, ಬೆರಳ ಹಲಗೆಗೆ ಎರಡು ಮರ, ಪಿಕಪ್ ಜೋಡಣೆ ನಾಲ್ಕು, ಬ್ಯಾಟರಿ ಇರುವುದು ಇಲ್ಲದ್ದು, ಬಣ್ಣ ಐದು, ಬಲಗೈಯವರಿಗೆ ಒಂದು ಎಡಗೈಯವರಿಗೆ ಒಂದು. ಯಾವುದೂ ಅತಿಯಾಸೆಯಲ್ಲ. ಗುಣಿಸಿದರೆ 640 ಬೇಸ್. ಅಂಗಡಿಯವನು ಗೋಡೆಗೆ ಹತ್ತು ನೇತುಹಾಕಿದರೆ ಹೆಚ್ಚು, ಅದೂ ಗಿಟಾರ್ ಕೊಳ್ಳುವ ಹತ್ತು ಮಂದಿಗೆ ಬೇಸ್ ಕೊಳ್ಳುವವನು ಒಬ್ಬ ಸಿಕ್ಕರೆ ಪುಣ್ಯ ಎನ್ನುವ ವ್ಯಾಪಾರದಲ್ಲಿ. ಕಂಪನಿ ಯಾರಿಗೂ ಪೂರ್ತಿ ಒಪ್ಪದ, ಯಾರೂ ಪೂರ್ತಿ ತಿರಸ್ಕರಿಸದ ಹತ್ತನ್ನು ಆರಿಸಿ ಮಾಡುತ್ತದೆ. ಜೊತೆಗೆ ಹೆಸರಿನ ಭಾರವೂ ಇದೆ. ಪ್ರಿಸಿಷನ್ ಎಂದು ಕೇಳಿ ಕೊಂಡವನಿಗೆ ಜಾಝ್ ನೆಕ್ ಸಿಕ್ಕರೆ ಅವನೂ ದೂರು ತರುತ್ತಾನೆ.

ಇದನ್ನು ಕೇಳಿದ ಹುಡುಗ ಬೀದರಿನವನಿಗೆ ತಕ್ಕ ವಾದವನ್ನೇ ಮುಂದಿಟ್ಟ. ಅವನ ಕಾಕಾ ಬಿದ್ರಿ ಕೆಲಸದವರು. "ನಮ್ಮಲ್ಲಿ ಎರಕ ಹೊಯ್ಯುವವರು ಬೇರೆ, ಚಿತ್ರ ಬರೆಯುವವರು ಬೇರೆ, ಕೆತ್ತುವವರು ಬೇರೆ, ಬೆಳ್ಳಿ ಕೂರಿಸುವವರು ಬೇರೆ. ನಾಲ್ಕು ಕೈ ದಾಟಿದರೂ ಹೂಜಿ ಹೂಜಿಯೇ ಆಗುತ್ತದಲ್ಲ. ಬೇಸ್ ಯಾಕೆ ಆಗಬಾರದು?"

ಒಳ್ಳೆಯ ವಾದ. ಬಿಡಿಭಾಗದ ಬೇಸಿನ ಕಷ್ಟ ಎಲ್ಲಿದೆ ಎಂಬುದನ್ನು ಅದೇ ತೋರಿಸಿಕೊಡುತ್ತದೆ. ಕಾಕಾ ಬೆಳ್ಳಿಯ ತಂತಿ ಕೂರಿಸುವಾಗ ಕೆತ್ತಿದ ಗೆರೆ ಆಳ ಸಾಲದಿದ್ದರೆ ಏನು ಮಾಡುತ್ತಾರೆ? ಎದ್ದು ಹೋಗಿ ಕೆತ್ತಿದವರ ಕೈಗೆ ಹಿಂದಿರುಗಿಸುತ್ತಾರೆ. ನಾಲ್ಕೂ ಕೈಗಳು ಒಂದೇ ಓಣಿಯಲ್ಲಿವೆ, ಹೂಜಿ ಮುಗಿಯುವವರೆಗೆ ಒಬ್ಬರಿಗೊಬ್ಬರು ಬಾಧ್ಯರು. ಕಾರ್ಖಾನೆಯೂ ಅಂಥ ಒಂದು ಓಣಿಯೇ. ಅಲ್ಲೂ ಬೇಸ್ ತಯಾರಾಗುವುದು ಬಿಡಿಭಾಗ ಜೋಡಿಸಿಯೇ. ನೆಕ್ ಗುಳಿಯಲ್ಲಿ ಕೂರದಿದ್ದರೆ ಅಲ್ಲೊಬ್ಬ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಳ್ಳುತ್ತಾನೆ. ನಾವು ಮನೆಯಲ್ಲಿ ಜೋಡಿಸುವಾಗ ನೆಕ್ ಒಂದು ದೇಶದ್ದು, ಒಡಲು ಒಂದು ದೇಶದ್ದು, ಒಡಲ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್ ಯಾವ ಊರಿನದೋ. ಮೂರೂ ಅವರವರ ಅಳತೆಗೆ ಸರಿಯೇ. ಕೂಡಿಸಿದಾಗ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಅದಕ್ಕೆ ಬಾಧ್ಯರು ಯಾರೂ ಇಲ್ಲ. ಅಂಗಡಿಯ ಬೇಸಿಗೆ ಕೊಡುವ ಹಣದಲ್ಲಿ ಮರಕ್ಕೂ ತಂತಿಗೂ ಹೋಗುವುದು ಎಷ್ಟೋ, ಈ ಹೊಂದಾಣಿಕೆಯ ಹೊಣೆಗೆ ಹೋಗುವುದೂ ಅಷ್ಟೇ ಇದ್ದೀತು.

ಹಾಗೆಂದು ಅಂಗಡಿಯಲ್ಲಿ ಸಿಕ್ಕದ್ದಕ್ಕೇ ಕೊರಳೊಡ್ಡಬೇಕು ಎಂದಲ್ಲ. ಹಾಳೆಯ ಒಂದೊಂದು ಸಾಲನ್ನೂ ಯಾವ ಸಲಕರಣೆಯಿಂದ ಬದಲಿಸಬಹುದು ಎಂದು ಕೇಳಿಕೊಂಡರೆ ದಾರಿ ತಿಳಿಯಾಗುತ್ತದೆ. ಸ್ಕ್ರೂ ಡ್ರೈವರ್‌ನಿಂದ ಆಗುವುದಾದರೆ ಧೈರ್ಯವಾಗಿ ಮಾಡಿ. ತಂತಿ, ನಾಬ್, ಬ್ರಿಜ್, ಪಿಕಪ್ಪಿನ ಎತ್ತರ ಎಲ್ಲ ಈ ಗುಂಪಿನವು. ಬೇಡವೆನಿಸಿದರೆ ಹಳೆಯದನ್ನು ಮತ್ತೆ ಹಾಕಿದರಾಯಿತು. ಬೆಸುಗೆ ಕಡ್ಡಿ ಬೇಕಾಗುವುದಾದರೆ ಕೊಂಚ ಯೋಚಿಸಿ, ಆದರೆ ಹೆದರಬೇಕಾಗಿಲ್ಲ. ಉಳಿ ಬೇಕಾಗುವುದಾದರೆ, ಅಂದರೆ ಒಡಲಿನಲ್ಲಿ ಪಿಕಪ್ಪಿಗೆ ಹೊಸ ಗುಳಿ ಕೊರೆಯಬೇಕೆಂದರೆ, ಮರ ಮತ್ತೆ ಬೆಳೆಯುವುದಿಲ್ಲ ಎಂಬುದನ್ನು ನೆನಪಿಡಿ. ಬಾಗಿಲು ಚೌಕಟ್ಟು ಮಾಡುವ ನಮ್ಮ ಬಡಗಿಗಳ ಕೈ ಚೆನ್ನಾಗಿಯೇ ಇರುತ್ತದೆ, ಯಂತ್ರವೂ ಇರುತ್ತದೆ. ಅವರು ರೂಢಿಸಿಕೊಂಡಿರುವ ಅಳತೆ ಮಾತ್ರ ಬಾಗಿಲಿನದು. ಎರಡು ಪಿಕಪ್ ಬೇಕಿದ್ದವರು ಎರಡು ಪಿಕಪ್ ಇರುವ ಒಡಲನ್ನೇ ಕೊಳ್ಳುವುದು ಲೇಸು. ಇವು ಯಾವುದರಿಂದಲೂ ಆಗದ್ದೂ ಕೆಲವಿವೆ. 34 ಅಂಗುಲದ ಬೇಸನ್ನು 30 ಅಂಗುಲದ ಗಿಡ್ಡ ಬೇಸ್ ಮಾಡುವುದು ಅಂಥದ್ದು. ಹನ್ನೆರಡನೆಯ ಫ್ರೆಟ್ ತಂತಿಯ ಸರಿಯಾಗಿ ನಡುವೆ ಬರಬೇಕು. 34 ಅಂಗುಲದ್ದರಲ್ಲಿ ಅದು ಬ್ರಿಜ್‌ನಿಂದ 17 ಅಂಗುಲ, 30ರದ್ದರಲ್ಲಿ 15. ಗಿಡ್ಡ ನೆಕ್ ತಂದು ಉದ್ದದ ಒಡಲಿಗೆ ಕೂರಿಸಿದರೆ ಬ್ರಿಜ್ ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಮೇಲೇರಿದಷ್ಟೂ ಸ್ವರ ತಪ್ಪುತ್ತದೆ. ಐದು ತಂತಿಯ ಬೇಸುಗಳಿಗೆ ಗುಳಿಯ ಸರ್ವಸಮ್ಮತ ಅಳತೆಯೂ ಇಲ್ಲ, ಒಬ್ಬೊಬ್ಬರದು ಒಂದೊಂದು.

ಈಗ ಚೀಲ ಬಿಚ್ಚಿಸಿದೆ. ಒಳಗಿದ್ದದ್ದು ಸೆಕೆಂಡ್ ಹ್ಯಾಂಡ್ ಬೇಸ್. ಪ್ರಿಸಿಷನ್ ಆಕಾರದ ಕಪ್ಪು ಒಡಲು. ಎರಡು ಜಾತಿಯ ಪಿಕಪ್. ಬ್ಯಾಟರಿ ಇಲ್ಲ. ಹಾಳೆಯ ಅರ್ಧ ಪಾಲು ಅವನ ಬೆನ್ನ ಮೇಲೆಯೇ ಕುಳಿತು ರೈಲಿನಲ್ಲಿ ಬಂದಿತ್ತು.

"ಇದು ಬೇಡವಣ್ಣ," ಎಂದ. "ಎರಡೂ ಪಿಕಪ್ ಪೂರ್ತಿ ಕೊಟ್ಟರೆ ದನಿ ಸೊರಗುತ್ತದೆ. ಹಿಂದಿನದೊಂದನ್ನೇ ಕೊಟ್ಟರೆ ಗುಂಯ್ ಎನ್ನುತ್ತದೆ. ನೆಕ್ ಅಗಲ."

ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಕೂಲರ್ ಮೋಟರಿನಿಂದ ಹಿಡಿದು ಆಂಪ್ಲಿಫೈಯರ್‌ವರೆಗೆ ಎಲ್ಲ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಅವರ ಬಳಿ ಮುಳ್ಳು ಓಡುವ ಹಳೆಯ ಮೀಟರ್ ಇದೆ. ಅಂಕಿ ತೋರಿಸುವ ಹೊಸ ಮೀಟರ್‌ಗಿಂತ ಈ ಕೆಲಸಕ್ಕೆ ಅದೇ ಮೇಲು. ಬೇಸನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಫಲಕ ಬಿಚ್ಚಿ, ಮುಂದಿನ ಪಿಕಪ್ಪಿನ ಎರಡು ವೈರುಗಳಿಗೆ ಮೀಟರಿನ ಎರಡು ಮೊನೆ ಹಿಡಿದರು. ಕಬ್ಬಿಣದ ಸ್ಕ್ರೂ ಡ್ರೈವರನ್ನು ಪಿಕಪ್ಪಿನ ಮೇಲೆ ಆನಿಸಿ ಸರಕ್ಕನೆ ಎತ್ತಿದರು. ಮುಳ್ಳು ಬಲಕ್ಕೆ ಜಿಗಿಯಿತು. ಹಿಂದಿನ ಪಿಕಪ್ಪಿಗೂ ಹಾಗೆಯೇ ಮಾಡಿದರು. ಮುಳ್ಳು ಎಡಕ್ಕೆ ಕೊಸರಿತು. ಚಾಚಾ ಹುಡುಗನ ಮುಖ ನೋಡಿ ನಕ್ಕರು.

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತದ ಹರಹು ಅಲುಗುತ್ತದೆ, ತಾಮ್ರದಲ್ಲಿ ವಿದ್ಯುತ್ತಿನ ಅಲೆ ಏಳುತ್ತದೆ. ಎರಡು ಪಿಕಪ್‌ಗಳ ಅಲೆ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ದನಿ ತುಂಬಿಕೊಳ್ಳುತ್ತದೆ. ಒಂದು ಏರುವಾಗ ಇನ್ನೊಂದು ಇಳಿದರೆ ಒಂದನ್ನೊಂದು ತಿಂದುಹಾಕುತ್ತವೆ, ಮೊದಲು ಹೋಗುವುದು ಮಂದ್ರವೇ. ಬೇಸಿನಲ್ಲಿ ಮಂದ್ರ ಹೋದರೆ ಉಳಿಯುವುದೇನು? ಹಿಂದಿನ ಮಾಲೀಕ ಯಾವಾಗಲೋ ಹಿಂಬದಿಯ ಪಿಕಪ್ ಬದಲಿಸಿದ್ದ, ಎರಡು ವೈರುಗಳನ್ನು ಅದಲುಬದಲು ಬೆಸೆದಿದ್ದ. ಅವನ್ನು ಸರಿಪಡಿಸಲು ಚಾಚಾಗೆ ಒಂದು ಚಹಾ ಆರುವಷ್ಟು ಹೊತ್ತು ಸಾಕಾಯಿತು. ಈ ಎರಡು ವೈರುಗಳ ಸಲುವಾಗಿ ಹುಡುಗ ಹೊಸ ಬೇಸ್ ಹುಡುಕಿ ಹೈದರಾಬಾದಿಗೆ ಹೋಗಿ ಬಂದಿದ್ದ.

ಗುಂಯ್ ಶಬ್ದದ ಕಥೆ ಬೇರೆ. ಅದು ಬೆರಕೆಯ ಹುಟ್ಟುಗುಣ. ಬರಿಯ ಒಂದು ಸುರುಳಿಯ ಪಿಕಪ್ ತಂತಿಯ ಮಿಡಿತವನ್ನಷ್ಟೇ ಅಲ್ಲ, ಗೋಡೆಯೊಳಗಿನ ವಿದ್ಯುತ್ತಿನ ಗುಂಯ್‌ಕಾರವನ್ನೂ ಹೀರುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ತಿರುಗುತ್ತದೆ. ಬೇಸಿನ ದಪ್ಪ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರ 49. ಆದ್ದರಿಂದ ನಮ್ಮ ಊರಿನ ಗುಂಯ್ ಎಂದರೆ ಕೂದಲೆಳೆಯಷ್ಟು ಏರಿದ ಜಿ. ಅಮೆರಿಕದಲ್ಲಿ 60 ಇರುವುದರಿಂದ ಅಲ್ಲಿಯದು ಬೇರೆ ಸ್ವರ. ಜಿ ಶ್ರುತಿಯ ಕೀರ್ತನೆ ಹಾಡುವಾಗ ಸಭಾಂಗಣದ ಗುಂಯ್ ಬೆಸುರಾಗಿ ಕೇಳುವುದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನ್ನ ಗುಮಾನಿ. ಪ್ರಿಸಿಷನ್ ಪಿಕಪ್ಪಿನ ಎರಡು ತುಂಡುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತಿ, ಅಯಸ್ಕಾಂತವನ್ನೂ ತಿರುಗಿಸಿ ಇಟ್ಟಿರುತ್ತಾರೆ. ಹೊರಗಿನ ಗುಂಯ್ ಅಲ್ಲೇ ಸಾಯುತ್ತದೆ, ತಂತಿಯ ದನಿ ಉಳಿಯುತ್ತದೆ. ಜಾಝ್ ಬೇಸಿನ ಎರಡು ಪಿಕಪ್‌ಗಳೂ ಹೀಗೆಯೇ ಜೋಡಿ. ಎರಡನ್ನೂ ಸಮನಾಗಿ ಕೊಟ್ಟರೆ ಗುಂಯ್ ಹೋಗುತ್ತದೆ. ಒಂದನ್ನು ಅದರಿಂದ, ಒಂದನ್ನು ಇದರಿಂದ ತಂದಾಗ ಹಿಂದಿನದು ಜೋಡಿ ಇಲ್ಲದ ಒಂಟಿ. ಮುಂದಿನದು ತನ್ನ ಗುಂಯ್ಯನ್ನು ತಾನೇ ಕಳೆದುಕೊಂಡಿರುತ್ತದೆ, ಇದರದನ್ನು ಕಳೆಯಲು ಅದಕ್ಕೆ ಏನೂ ಉಳಿದಿರುವುದಿಲ್ಲ. ಹೊರನೋಟಕ್ಕೆ ಜಾಝ್ ಪಿಕಪ್ಪಿನಂತೆಯೇ ಇದ್ದು ಒಳಗೆ ಎರಡು ಸುರುಳಿ ಇರುವಂಥದ್ದು ಸಿಗುತ್ತದೆ. ಅದನ್ನು ತರಿಸಿ ಹಾಕಿದೆವು. ಬೆಸುಗೆ ಕಡ್ಡಿಯ ಕೆಲಸ ಅಲ್ಲಿಗೆ ಮುಗಿಯಿತು.

ನನ್ನ ಅಟ್ಟದ ಬೇಸಿನಲ್ಲಿ ಎಲ್ಲ ಸರಿಯಾಗಿ ಬೆಸೆದು, ಬ್ರಿಜ್ ಅಡಿಗೆ ಹೋಗಬೇಕಾದ ಅರ್ತಿಂಗ್ ವೈರನ್ನು ಮರೆತಿದ್ದೆ. ಕೈ ತಂತಿಯ ಮೇಲಿದ್ದರೂ ಗುಂಯ್, ತೆಗೆದರೂ ಗುಂಯ್. ಮೂರು ಮದುವೆಗಳಲ್ಲಿ ಜನರೇಟರಿನವನನ್ನು ಬೈದದ್ದಾಯಿತು. ಆಮೇಲೆ ಒಂದು ರಾತ್ರಿ ಬ್ರಿಜ್ ಬಿಚ್ಚಿ ನೋಡಿದೆ.

ಬಿದ್ರಿ ನಾಬ್‌ನ ಆಸೆಯನ್ನು ಹುಡುಗ ಬಿಡಲಿಲ್ಲ. ಬಿದ್ರಿಯ ಲೋಹ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹೀಗಾಗಿ ಪಿಕಪ್ಪಿನ ಪಕ್ಕ ಇದ್ದರೂ ತೊಂದರೆಯಿಲ್ಲ. ಕೋಟೆಯ ಮಣ್ಣಿನಲ್ಲಿ ಕಪ್ಪಾದ ಮೂರು ಪುಟ್ಟ ನಾಬ್‌ಗಳು, ನೆತ್ತಿಯ ಮೇಲೆ ಒಂದೊಂದು ಬೆಳ್ಳಿಯ ಗೆರೆ. ಕಾಕಾ ಪ್ರೀತಿಯಿಂದ ಮಾಡಿಕೊಟ್ಟರು. ನೋಡಿದರೆ ಕಣ್ಣು ತಣಿಯುತ್ತದೆ. ಆದರೆ ಕೂರಲಿಲ್ಲ! ಅಳತೆಗೆಂದು ಹುಡುಗ ಕೊಟ್ಟಿದ್ದ, ನಾಬ್ ಅಡಿಯಲ್ಲಿದ್ದು ದನಿ ಏರಿಳಿಸುವ ಹಳೆಯ ಪಾಟ್‌ನ ದಂಡ 6 ಮಿಲಿಮೀಟರ್. ಚಾಚಾ ಹಾಕಿದ ಹೊಸ ಪಾಟ್ ಅಮೆರಿಕದ ಅಳತೆಯದು, ಕಾಲು ಅಂಗುಲ, ಅಂದರೆ 6.35. ಕಾಲು ಅಂಗುಲಕ್ಕೂ ಆರು ಮಿಲಿಮೀಟರಿಗೂ ನಡುವಿನ ಈ ಕೂದಲೆಳೆ ಜಾಗದಲ್ಲಿ ಬಿಡಿಭಾಗ ಜೋಡಿಸುವವರ ಅರ್ಧ ಆಯುಷ್ಯ ಕಳೆಯುತ್ತದೆ. ಕಾಕಾ ಬೈಯದೆ ಮತ್ತೆ ಕೊರೆದುಕೊಟ್ಟರು. ಒಂದೇ ಓಣಿಯಲ್ಲಿದ್ದುದರ ಲಾಭ.

ಉಳಿದದ್ದು ನೆಕ್. ಇಲ್ಲಿ ಮಾತ್ರ ನಿಧಾನವಾಗಿ ಹೇಳಬೇಕು, ಏಕೆಂದರೆ ಬೇಸ್ ನುಡಿಸುವವನ ಕೈ ಇಡೀ ದಿನ ಇರುವುದು ಅದರ ಮೇಲೆ.

ಬಿಡಿ ನೆಕ್ ಸಿಗುವುದು ಈಗ ಕಷ್ಟವಲ್ಲ. ಫೆಂಡರ್‌ನಿಂದ ಪರವಾನಗಿ ಪಡೆದು ಅದೇ ಅಳತೆಯಲ್ಲಿ ಮಾಡುವ ವಾರ್ಮತ್, ಆಲ್‌ಪಾರ್ಟ್ಸ್‌ನಂಥ ಅಮೆರಿಕದ ಕಂಪನಿಗಳಿವೆ, ಅವುಗಳ ಬೆಲೆಗೆ ಸಾಗಣೆ ಮತ್ತು ಸುಂಕ ಸೇರಿದಾಗ ಮೂಗಿಗಿಂತ ಮೂಗುತಿ ಭಾರ. ಅದಕ್ಕಿಂತ ಅಗ್ಗದವೂ ಇವೆ. ಬೆರಳ ಹಲಗೆಯ ಮರ ನೋಡಿದರೆ ನಮಗೆ ನಗು ಬರಬೇಕು. ಜಗತ್ತಿನ ಗಿಟಾರಿನವರು ರೋಸ್‌ವುಡ್ ಎಂದು ಹಂಬಲಿಸುವ ಮರಗಳಲ್ಲಿ ನಮ್ಮ ಮಲೆನಾಡಿನ ಬೀಟೆಯೂ ಒಂದು. 2017ರ ಜನವರಿಯಲ್ಲಿ ಆ ಕುಲದ ಮರಗಳೆಲ್ಲ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಗೆ ಸೇರಿ, ಆ ಮರವಿದ್ದು ವ್ಯಾಪಾರಕ್ಕೆಂದು ಗಡಿ ದಾಟುವ ಗಿಟಾರುಗಳಿಗೆ ಕಾಗದಪತ್ರ ಬೇಕಾಯಿತು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಡುವೆ ಕಂಪನಿಗಳು ಬೇರೆ ಮರಗಳಿಗೆ ಹೊರಳಿದ್ದವು. ಸ್ಕ್ವಯರ್ ಬೇಸುಗಳಲ್ಲಿ ಇಂಡಿಯನ್ ಲಾರೆಲ್ ಎಂದು ಬರೆದಿರುತ್ತಾರಲ್ಲ, ಅದು ನಮ್ಮ ಮತ್ತಿ ಮರ.

ಹುಡುಗನ ನೆಕ್ ಪಾರ್ಸೆಲ್‌ನಲ್ಲಿ ಬಂತು. 38 ಮಿಲಿಮೀಟರ್ ನಟ್, ಬುಡ ಎರಡೂವರೆ ಅಂಗುಲ. ಗುಳಿಯಲ್ಲಿ ಇಟ್ಟು ನೋಡಿದರೆ ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಹಾಳೆ ತೂರುವಷ್ಟು ಸಂದು. ಇಷ್ಟಾದರೆ ಅದೃಷ್ಟ. ಹಳೆಯ ನೆಕ್‌ನ ನಾಲ್ಕು ತೂತು ಒಡಲಿನಲ್ಲಿದ್ದವು, ಹೊಸ ನೆಕ್‌ನಲ್ಲಿ ತೂತೇ ಇರಲಿಲ್ಲ. ಅದು ಒಳ್ಳೆಯದೇ. ಮೊದಲೇ ಕೊರೆದಿದ್ದು ಎರಡು ಮಿಲಿಮೀಟರ್ ಆಚೀಚೆ ಇದ್ದರೆ ಗಟ್ಟಿ ಮರದ ಬೆಣೆ ಹೊಡೆದು, ಅಂಟು ಒಣಗಿಸಿ, ಮತ್ತೆ ಕೊರೆಯಬೇಕಾಗುತ್ತದೆ. ಕೊರೆಯುವ ಮೊದಲು ಎರಡು ಅಂಚಿನ ತಂತಿಗಳನ್ನು ಸಡಿಲವಾಗಿ ಏರಿಸಿ, ಅವು ಬೆರಳ ಹಲಗೆಯ ಎರಡೂ ಅಂಚಿನಿಂದ ಸಮದೂರ ಬರುವಂತೆ ನೆಕ್ಕನ್ನು ಸರಿಸಿಕೊಂಡು ಗುರುತು ಮಾಡಬೇಕು. ಬಡಗಿಯ ನೂಲಿನ ಕೆಲಸವನ್ನು ತಂತಿಯೇ ಮಾಡುತ್ತದೆ. ಸ್ಕ್ರೂಗಳಿಗೆ ಮೇಣದ ಬತ್ತಿ ಉಜ್ಜಿಕೊಂಡೇ ತಿರುಗಿಸಿ. ಮೇಪಲ್ ಗಟ್ಟಿ ಮರ, ಒಣ ಸ್ಕ್ರೂ ಅರ್ಧದಲ್ಲಿ ತಲೆ ಕಳಚಿಕೊಂಡರೆ ಉಳಿದ ಅರ್ಧ ಜನ್ಮವಿಡೀ ಒಳಗೇ ಇರುತ್ತದೆ.

ತಂತಿ ಏರಿಸಿದಾಗ ಅವು ಬೆರಳ ಹಲಗೆಯಿಂದ ತೀರ ಎತ್ತರ. ಬ್ರಿಜ್‌ನ ತಂತಿಪೀಠಗಳನ್ನು ತಳಕ್ಕೆ ತಾಗುವವರೆಗೆ ಇಳಿಸಿದರೂ ಎತ್ತರವೇ. ಗುಳಿಯ ಆಳ ಒಬ್ಬರದು, ಬುಡದ ದಪ್ಪ ಇನ್ನೊಬ್ಬರದು. ಬಾಧ್ಯರಿಲ್ಲದ ಆ ಅರ್ಧ ಮಿಲಿಮೀಟರ್ ಎಂದೆನಲ್ಲ, ಇದೇ ಅದು. ಮದ್ದು ಸುಲಭ. ಮನೆಗೆ ಬಂದಿದ್ದ ಮದುವೆಯ ಆಮಂತ್ರಣ ಪತ್ರಿಕೆಯ ರಟ್ಟಿನಿಂದ ಒಂದು ಬೆರಳಗಲದ ಪಟ್ಟಿ ಕತ್ತರಿಸಿ, ಗುಳಿಯೊಳಗೆ ಬ್ರಿಜ್‌ಗೆ ಹತ್ತಿರದ ಅಂಚಿನಲ್ಲಿಟ್ಟು ನೆಕ್ ಬಿಗಿದೆವು. ಗುಳಿಯ ಉದ್ದ ಸುಮಾರು 75 ಮಿಲಿಮೀಟರ್. ಅದರ ಒಂದು ತುದಿ ಅರ್ಧ ಮಿಲಿಮೀಟರ್ ಎದ್ದರೆ ನೆಕ್ ಅಷ್ಟಷ್ಟೇ ಹಿಂದಕ್ಕೆ ಬಾಗುತ್ತದೆ. ಆ ಓರೆ ಬ್ರಿಜ್ ತಲುಪುವ ಹೊತ್ತಿಗೆ ಎರಡು ಮಿಲಿಮೀಟರಿಗೂ ಹೆಚ್ಚಿನ ವ್ಯತ್ಯಾಸವಾಗಿರುತ್ತದೆ. ರಟ್ಟು ಹಾಕಿದರೆ ನಾದ ಕೆಡುತ್ತದೆ ಎನ್ನುವವರಿದ್ದಾರೆ. ನನ್ನ ಕಿವಿಗೆ ಎಂದೂ ಕೇಳಿಸಿಲ್ಲ.

ನೆಕ್‌ನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ, ತಂತಿಗಳ ಎಳೆತಕ್ಕೆ ಎದುರು ನಿಲ್ಲಲು. ನೆಕ್ ತೀರ ನೇರವಿರಬಾರದು. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದರೆ ಏಳೆಂಟನೆಯ ಫ್ರೆಟ್‌ನ ಮೇಲೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಸ್ಕೂಟರ್ ಮೆಕ್ಯಾನಿಕ್ ಪ್ಲಗ್ ಅಂತರ ನೋಡುವ ಫೀಲರ್ ಗೇಜ್ ಇದಕ್ಕೂ ಆಗುತ್ತದೆ. ಆಮೇಲೆ ಫ್ರೆಟ್‌ಗಳ ಸಮತಲ. ಬಿಡಿ ನೆಕ್‌ಗಳ ಇಪ್ಪತ್ತು ಫ್ರೆಟ್‌ಗಳೂ ಒಂದೇ ಎತ್ತರ ಇರುವುದು ಅಪರೂಪ, ಇರಬೇಕೆಂದು ಮಾರುವವನು ಮಾತು ಕೊಟ್ಟಿರುವುದೂ ಇಲ್ಲ. ಎಲ್ಲ ಫ್ರೆಟ್‌ಗಳ ನೆತ್ತಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, ನೇರವಾದ ಉದ್ದ ಅರವನ್ನು ಹಗುರವಾಗಿ ಆಡಿಸಿದರೆ ಎತ್ತರದವು ಹೊಳೆಯುತ್ತವೆ, ತಗ್ಗಿನವು ಕಪ್ಪಾಗಿಯೇ ಉಳಿಯುತ್ತವೆ. ಕೊನೆಯ ಕಪ್ಪು ಹೋಗುವವರೆಗೆ ಉಜ್ಜಿ, ಚಪ್ಪಟೆಯಾದವನ್ನು ಮತ್ತೆ ದುಂಡಾಗಿಸಬೇಕು. ನನ್ನ ಮೊದಲ ಬೇಸಿನಲ್ಲಿ ಈ ಕೆಲಸವೊಂದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅದು ಅಟ್ಟ ಸೇರಿದ್ದು ಇದರಿಂದಲೇ.

ಹಣದ ಲೆಕ್ಕ ಕೇಳುವವರಿಗೆ ಇಷ್ಟು. ಜನ ಒಡಲು, ನೆಕ್, ಪಿಕಪ್ ಕೂಡಿಸಿ ಅಗ್ಗವಾಯಿತೆಂದು ಖುಷಿಪಡುತ್ತಾರೆ. ಶ್ರುತಿಯ ಕೀಲಿ, ಬ್ರಿಜ್, ನೆಕ್ ಫಲಕ, ಪಾಟ್, ಜ್ಯಾಕ್, ತಂತಿ, ಅರ, ಬಣ್ಣ ಆಮೇಲೆ ಒಂದೊಂದಾಗಿ ಬರುತ್ತವೆ. ಮನೆ ಕಟ್ಟಿ ನೋಡಿದವರಿಗೆ ಈ ಸೋಜಿಗ ಹೊಸದಲ್ಲ. ಮಾರಲು ಹೋದರೆ ಜೋಡಿಸಿದ ಬೇಸಿಗೆ ಅದರ ಭಾಗಗಳ ಬೆಲೆಯೂ ಹುಟ್ಟುವುದಿಲ್ಲ, ಬಿಚ್ಚಿ ಬಿಡಿಯಾಗಿ ಮಾರಿದರೆ ಹೆಚ್ಚು ಬರುತ್ತದೆ. ಜೋಡಿಸುವ ಖುಷಿಗಾಗಿ ಜೋಡಿಸುವವರಿಗೆ ಈ ಲೆಕ್ಕ ಬೇಕಾಗಿಲ್ಲ, ಅವರನ್ನು ತಡೆಯುವವನು ನಾನಲ್ಲ. ನುಡಿಸಲು ಬೇಸ್ ಬೇಕಾದವರಿಗೆ ನನ್ನ ಮಾತು ಬೇರೆ: ಕೈಗೆ ಒಪ್ಪುವ ನೆಕ್ ಮತ್ತು ಬೇಕಾದಷ್ಟು ಗುಳಿಗಳಿರುವ ಒಡಲನ್ನು ನೋಡಿ ಕಾರ್ಖಾನೆಯ ಬೇಸನ್ನೇ ಕೊಳ್ಳಿ, ಸ್ಕ್ರೂ ಮತ್ತು ಬೆಸುಗೆಯ ಕೆಲಸಗಳನ್ನು ಆಮೇಲೆ ಮಾಡಿಕೊಳ್ಳಿ. ಈ ಹುಡುಗನ ಹಾಗೆ ಉಳಿದೆಲ್ಲ ಸರಿಯಿದ್ದು ನೆಕ್ ಒಂದೇ ಒಪ್ಪದಿದ್ದಾಗ ಮಾತ್ರ ನೆಕ್‌ಗೆ ಕೈ ಹಾಕಿ.

ಕ್ರಿಸ್‌ಮಸ್ ಗೀತೆಗಳಿಗೆ ಅವನು ಅದನ್ನೇ ನುಡಿಸಿದ. ಜನವರಿ ಕೊನೆಗೆ ಫೋನ್ ಬಂತು. "ಅಣ್ಣಾ, ನೆಕ್‌ನ ಅಂಚಿನಲ್ಲಿ ಕೈ ಆಡಿಸಿದರೆ ಗೀರುತ್ತದೆ, ಕರಗಸದ ಹಾಗೆ. ಬಂದಾಗ ಹೀಗಿರಲಿಲ್ಲ." ಇರುವುದಿಲ್ಲ. ಆ ನೆಕ್ ಮುಂಬೈಯ ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ಗೋದಾಮಿನಲ್ಲಿದ್ದು ನಮ್ಮ ಒಣ ಹವೆಗೆ ಬಂದಿದೆ. ಮರ ಅಡ್ಡಡ್ಡವಾಗಿ ಕುಗ್ಗುತ್ತದೆ, ಫ್ರೆಟ್‌ನ ಲೋಹ ಕುಗ್ಗುವುದಿಲ್ಲ, ತುದಿಗಳು ಹೊರಗೆ ಇಣುಕುತ್ತವೆ. ಈಗಲೇ ಉಜ್ಜಿಬಿಡುತ್ತೇನೆ ಎಂದ. ಬೇಡ ತಮ್ಮಾ ಎಂದೆ. ಇನ್ನೂ ಕುಗ್ಗುವುದಿದೆ. ಬಿಸಿಲು 40 ದಾಟಲಿ, ಮರ ಕುಗ್ಗುವಷ್ಟು ಕುಗ್ಗಲಿ, ಆಗ ಒಂದೇ ಸಲ ಉಜ್ಜಿದರೆ ಮಳೆಗಾಲದಲ್ಲೂ ತೊಂದರೆಯಿಲ್ಲ. ಏಪ್ರಿಲ್ ಕೊನೆಯ ವಾರ ರೈಲಿಗೆ ಬರುತ್ತಾನೆ. ಸಣ್ಣ ಹಲ್ಲಿನ ಅರವನ್ನು ಹುಡುಕಿ ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ.